ಬಸುರಿನಲ್ಲಿ ಒಂದು ಗುಟುಕೂ ಬೇಡ

ಕೇಳುಗರೆಲ್ಲರಿಗೂ ನಮಸ್ಕಾರ. ಮಕ್ಕಳ ವೈದ್ಯೆಯಾಗಿ ನಾನು ಇಂದು ಹೇಳಬೇಕೆಂದಿರುವುದು ಒಂದೇ ಮಾತು: ಬಸುರಿನಲ್ಲಿ ಮದ್ಯ ಒಂದು ಗುಟುಕೂ ಬೇಡ. ಬಿಯರ್ ಆಗಲಿ, ಸೇಂದಿಯಾಗಲಿ, ಮನೆಯಲ್ಲೇ ಮಾಡಿದ ದ್ರಾಕ್ಷಿಯ ವೈನ್ ಆಗಲಿ, ಮಗುವಿನ ಮಿದುಳಿಗೆ ಎಲ್ಲವೂ ಒಂದೇ.

ತಾಯಿ ಕುಡಿದ ಮದ್ಯ ಅವಳ ರಕ್ತದಿಂದ ಮಾಸುವಿನ ಮೂಲಕ ಮಗುವಿನ ರಕ್ತವನ್ನು ಸೇರುತ್ತದೆ. ಅದನ್ನು ಕರಗಿಸುವ ಶಕ್ತಿ ಮಗುವಿನ ಯಕೃತ್ತಿಗೆ ಇನ್ನೂ ಬಂದಿರುವುದಿಲ್ಲ. ಮಿದುಳು ಒಂಬತ್ತು ತಿಂಗಳೂ ಬೆಳೆಯುತ್ತಲೇ ಇರುವುದರಿಂದ, ಮೂರು ತಿಂಗಳು ಕಳೆದ ಮೇಲೆ ಪರವಾಗಿಲ್ಲ ಎಂಬ ಮಾತಿಗೆ ಆಧಾರವಿಲ್ಲ.

ಇದು ತಿಳಿದುಬಂದ ಬಗೆಯನ್ನು ನಾನು ವಿದ್ಯಾರ್ಥಿಗಳಿಗೆ ತಪ್ಪದೆ ಹೇಳುತ್ತೇನೆ. ಅಮೆರಿಕದ ಸಿಯಾಟಲ್ ನಗರದಲ್ಲಿ, ಕುಡಿತದ ಚಟವಿದ್ದ ತಾಯಂದಿರ ಶಿಶುಗಳು ಸರಿಯಾಗಿ ಬೆಳೆಯುತ್ತಿಲ್ಲವೆಂಬುದನ್ನು ಒಬ್ಬ ವೈದ್ಯೆ ಗಮನಿಸಿದರು. ಮಕ್ಕಳ ವೈದ್ಯರಾದ ಕೆನೆತ್ ಜೋನ್ಸ್ ಮತ್ತು ಡೇವಿಡ್ ಸ್ಮಿತ್ ಆ ವೈದ್ಯೆಯೊಡನೆ ಸೇರಿ, ಪರಸ್ಪರ ಸಂಬಂಧವೇ ಇಲ್ಲದ, ಮೂರು ಬೇರೆ ಬೇರೆ ಜನಾಂಗಗಳ ಎಂಟು ಮಕ್ಕಳನ್ನು ಪರೀಕ್ಷಿಸಿದಾಗ, ಅದೇ ಕಿರಿದಾದ ಕಣ್ಣಿನ ಸೀಳು, ಅದೇ ಸಣ್ಣ ತಲೆ, ಅದೇ ಕುಂಠಿತ ಬೆಳವಣಿಗೆ ಮತ್ತೆ ಮತ್ತೆ ಎದುರಾದವು. 1973ರಲ್ಲಿ ಅವರ ವರದಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತು. ಆದರೆ 1968ರಲ್ಲಿಯೇ ಫ್ರಾನ್ಸಿನ ನಾಂತ್ ನಗರದ ಮಕ್ಕಳ ವೈದ್ಯ ಪಾಲ್ ಲೆಮ್ವಾನ್ ಇಂತಹ 127 ಮಕ್ಕಳ ವಿವರಗಳನ್ನು ಪ್ರಕಟಿಸಿದ್ದರು! ಅದು ಪ್ರಾದೇಶಿಕ ಪತ್ರಿಕೆಯೆಂದು ಹೊರಗಿನವರು ಕಣ್ಣೆತ್ತಿಯೂ ನೋಡಲಿಲ್ಲ. ಆ ಐದು ವರ್ಷಗಳನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಸಮಯ ಕಡಿಮೆಯಿದೆ, ಮುಖ್ಯವಾದುದನ್ನು ಹೇಳಿಬಿಡುತ್ತೇನೆ. ಹಾನಿಗೊಳಗಾದ ಹೆಚ್ಚಿನ ಮಕ್ಕಳ ಮುಖದಲ್ಲಿ ಯಾವ ಗುರುತೂ ಇರುವುದಿಲ್ಲ. ನಿನ್ನೆ ಕಲಿತ ಲೆಕ್ಕ ಇಂದು ನೆನಪಿಲ್ಲ, ಕುಳಿತಲ್ಲಿ ಕೂರಲಾಗುವುದಿಲ್ಲ, ಮಾಡಿದ್ದರ ಪರಿಣಾಮ ಹೊಳೆಯುವುದಿಲ್ಲ. ಶಾಲೆಯಲ್ಲಿ ಅಂತಹ ಮಗು ಸೋಮಾರಿ, ಹಠಮಾರಿ ಎನಿಸಿಕೊಂಡು ಪೆಟ್ಟು ತಿನ್ನುತ್ತದೆ. ಬೇಗ ಗುರುತಿಸಿದರೆ ಕಲಿಕೆಗೆ ನೆರವಾಗಬಹುದು. ಆದರೆ ಮಿದುಳಿಗೆ ಆದ ಹಾನಿಯನ್ನು ಅಳಿಸುವ ಔಷಧಿಯಿಲ್ಲ.

ಮನೆಯ ಗಂಡಸರಲ್ಲಿಯೂ ವಿನಂತಿ: ಸ್ವಲ್ಪ ಬ್ರಾಂದಿ ಮೈಗೆ ಒಳ್ಳೆಯದೆಂದು ಗರ್ಭಿಣಿಯನ್ನು ಒತ್ತಾಯಿಸಬೇಡಿ, ಅವಳೆದುರು ಬಾಟಲಿ ತೆರೆಯಬೇಡಿ. ತಿಳಿಯದೆ ಕುಡಿದಿದ್ದ ತಾಯಂದಿರು ಭಯಪಡದೆ ಇಂದೇ ನಿಲ್ಲಿಸಲಿ. ನಿಲ್ಲಿಸಿದ ದಿನದಿಂದಲೇ ಮಗುವಿಗೆ ಲಾಭ. ದಿನನಿತ್ಯ ಕುಡಿಯುವ ಅಭ್ಯಾಸವಿದ್ದವರು ಮಾತ್ರ ಒಬ್ಬರೇ ಪ್ರಯತ್ನಿಸದೆ ವೈದ್ಯರ ನೆರವಿನಿಂದ ಬಿಡಬೇಕು. ತಾಯಿ ಕಾರ್ಡ್ ಹಿಡಿದು ತಪಾಸಣೆಗೆ ಹೋದಾಗ ನರ್ಸ್ ಅಥವಾ ಆಶಾ ಕಾರ್ಯಕರ್ತೆಯ ಬಳಿ ಸಂಕೋಚವಿಲ್ಲದೆ ಹೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. ನಮಸ್ಕಾರ.