ಚೆಂಡು ಹೊಲಿದವರ ಹೆಸರು

ಎಲ್ಲರಿಗೂ ನಮಸ್ಕಾರ. ನಮ್ಮ ಕ್ಲಬ್ಬಿನ ಚರಿತ್ರೆ ಹೇಳಿ ಅಂತ ಸಂಘದವರು ಕರೆದಿದ್ದಾರೆ. ಗೆದ್ದ ಕಪ್ಪುಗಳ ಪಟ್ಟಿ ಗೋಡೆ ಮೇಲೆ ಇದೆ, ನೀವೇ ಓದಿಕೊಳ್ಳಬಹುದು. ನಾನು ಗೋಡೆ ಮೇಲೆ ಇಲ್ಲದವರ ಬಗ್ಗೆ ಮಾತಾಡುತ್ತೇನೆ.

ಗೋವಾದ ವಾಸ್ಕೋದಲ್ಲಿ ಇರುವ ನಮಗೆ ಫುಟ್‌ಬಾಲ್ ಅಂದರೆ ಏನು ಅಂತ ಯಾರೂ ಹೇಳಬೇಕಾಗಿಲ್ಲ. 1883ರಲ್ಲಿ ಸಿಯೋಲಿಂನಲ್ಲಿ ಫಾದರ್ ವಿಲಿಯಂ ಲಯನ್ಸ್ ಈ ಆಟ ಶುರು ಮಾಡಿದರು ಅಂತ ಗೋವಾದಲ್ಲಿ ಹೇಳುತ್ತಾರೆ. ಸಲ್ಗಾಂವ್‌ಕರ್ ತಂಡ 1956ರಲ್ಲಿ ಹುಟ್ಟಿದ್ದು ಇದೇ ಊರಲ್ಲಿ. ನಮ್ಮ ಅಪ್ಪಂದಿರು ಗದಗ, ಬಾಗಲಕೋಟೆ, ವಿಜಾಪುರದ ಕಡೆಯಿಂದ ಬಂದರಿನ ಕೆಲಸಕ್ಕೆ ಬಂದವರು. ಹಗಲೆಲ್ಲ ಅದಿರಿನ ಕೆಲಸ, ಸಂಜೆ ಕೆಂಪು ಧೂಳು ತೊಳೆದುಕೊಂಡು ಆಟ. ತಿಲಕ್ ಮೈದಾನದಲ್ಲಿ ದೊಡ್ಡ ತಂಡಗಳು ಆಡುತ್ತಿದ್ದವು. ನಮಗೆ ಕೊಯ್ಲಾದ ಗದ್ದೆ.

ಕನ್ನಡದವರಿಗೂ ಫುಟ್‌ಬಾಲಿಗೂ ಏನು ಸಂಬಂಧ ಅಂತ ಈಗಲೂ ಕೆಲವರು ಕೇಳುತ್ತಾರೆ. ನನಗೆ ಸಿಟ್ಟೇ ಬರುತ್ತದೆ. ಮುಂಬೈಯ ರೋವರ್ಸ್ ಕಪ್ 1891ರಲ್ಲಿ ಶುರುವಾಯಿತು, ವರ್ಷಗಟ್ಟಲೆ ಬ್ರಿಟಿಷ್ ಪಲ್ಟನ್‌ಗಳೇ ಒಯ್ಯುತ್ತಿದ್ದವು. 1937ರಲ್ಲಿ ಅದನ್ನು ಕಿತ್ತುಕೊಂಡ ಮೊದಲ ಭಾರತೀಯ ತಂಡ ಯಾವುದು? ಬೆಂಗಳೂರು ಮುಸ್ಲಿಮ್ಸ್! ಮರುವರ್ಷ ಮತ್ತೆ ಗೆದ್ದರು. ಆ ಹನ್ನೊಂದು ಜನರಲ್ಲಿ ಒಬ್ಬರ ಹೆಸರು ಈ ಸಭೆಯಲ್ಲಿ ಯಾರಿಗಾದರೂ ಗೊತ್ತಾ? ಇಲ್ಲ, ಅಲ್ವಾ? ಗೆದ್ದವರ ಗತಿಯೇ ಇದು, ಇನ್ನು ಸೋತವರದ್ದು ಕೇಳುವವರು ಯಾರು. ಅದಕ್ಕೇ ಬರೆದಿಡಿ ಅಂತ ನಾನು ಬಡಕೊಳ್ಳುವುದು.

ಒಂದು ಮ್ಯಾಚಿನ ಕಥೆ ಹೇಳಲೇಬೇಕು. ಫತೋರ್ಡಾ ಸ್ಟೇಡಿಯಂ ಆಗಿದ್ದು 1989ರಲ್ಲಿ, ಇದು ಅದಕ್ಕೂ ಹಿಂದಿನದು. ಪಕ್ಕದ ಹಳ್ಳಿಯ ಗದ್ದೆಯಲ್ಲಿ ಟೂರ್ನಮೆಂಟು. ಕೂಳೆ ಚುಚ್ಚುತ್ತಿತ್ತು, ಹುಡುಗರು ಬರಿಗಾಲು. ನನ್ನ ಕೆಲಸ ನಿಂಬೆಹಣ್ಣು ಕೊಯ್ದು ಕೊಡುವುದು. ಆಗಿನ ಚೆಂಡು ಗೊತ್ತಲ್ಲ, ಒಳಗೆ ಗಾಳಿ ತುಂಬುವ ರಬ್ಬರಿನ ಬ್ಲಾಡರ್, ಮೇಲೆ ಚರ್ಮ, ಬಾಯಿಗೆ ಲೇಸು. ನಿಯಮದಲ್ಲಿ 410ರಿಂದ 450 ಗ್ರಾಂ ಅಂತಿದೆ, ನೀರು ಕುಡಿದ ಚೆಂಡಿನ ತೂಕ ಹೆಡ್ ಮಾಡಿದವರನ್ನು ಕೇಳಿ! ಇರುವುದು ಒಂದೇ ಚೆಂಡು. ಆಟ ಇನ್ನೂ ಇಪ್ಪತ್ತು ನಿಮಿಷ ಇದೆ ಅನ್ನುವಾಗ ಹೊಲಿಗೆ ಬಿಚ್ಚಿ ಬ್ಲಾಡರ್ ಹೊರಗೆ ಇಣುಕಿತು.

ನೋಡಲು ಬಂದವರಲ್ಲಿ ನಮ್ಮ ಕಾಕಾ ಇದ್ದರು, ಸ್ಟೇಷನ್ ಹತ್ತಿರ ಚಪ್ಪಲಿ ಹೊಲಿಯುತ್ತಿದ್ದವರು. ಕೈಚೀಲ ಬಿಟ್ಟು ಎಲ್ಲಿಗೂ ಹೋಗದ ಮನುಷ್ಯ. ಬದುವಿನ ಮೇಲೆ ಕೂತು, ದಾರಕ್ಕೆ ಮೇಣ ತಿಕ್ಕಿ, ದಬ್ಬಳ ತೆಗೆದರು. ಬ್ಲಾಡರ್‌ಗೆ ಮೊನೆ ತಾಗಿದರೆ ಆಟ ಅಲ್ಲಿಗೇ ಮುಗಿಯಿತು. ಆಗ ಎದುರು ತಂಡದ ಕೊಂಕಣಿ ಹುಡುಗನೊಬ್ಬ ಬಂದು, ಚರ್ಮದ ಅಡಿ ತನ್ನ ಎರಡು ಬೆರಳು ತೂರಿಸಿ ಬ್ಲಾಡರ್ ಒಳಗೆ ಒತ್ತಿ ಹಿಡಿದ. ಕಾಕಾ ಅವನ ಬೆರಳಿನ ಪಕ್ಕದಲ್ಲೇ ಹೊಲಿಗೆ ಹಾಕುತ್ತಾ ಹೋದರು. ಒಂದು ಸಲ ಚುಚ್ಚಿತು, ರಕ್ತ ಬಂತು, ಹುಡುಗ ಕೈ ತೆಗೆಯಲಿಲ್ಲ. ಹೊಲಿದಾದ ಮೇಲೆ ಕಾಕಾ ಹೆಬ್ಬೆರಳ ಉಗುರಿನಿಂದ ಹೊಲಿಗೆ ತೀಡಿ ಚೆಂಡು ಎಸೆದರು. ದುಡ್ಡು ಕೊಡಲು ಹೋದರೆ, "ಮೊದಲ ಆಟ ಮುಗಿಸ್ರೋ" ಅಂದರು.

ಆ ಮ್ಯಾಚು ನಾವು ಸೋತೆವು. ಹಾಗಾಗಿ ಗೋಡೆ ಮೇಲೆ ಇಲ್ಲ. ಕ್ಲಬ್ಬಿನ ಖರ್ಚಿನ ನೋಟ್‌ಬುಕ್ಕಿನಲ್ಲಿ ಆ ದಿನ ಸುಣ್ಣ, ನಿಂಬೆಹಣ್ಣು, ಬಸ್ಸಿನ ದುಡ್ಡು ಅಂತ ಇದೆ. ಕಾಕಾ ದುಡ್ಡು ತಗೊಳ್ಳಲಿಲ್ಲವಲ್ಲ, ಅಲ್ಲೂ ಅವರಿಲ್ಲ.

ಅಧ್ಯಕ್ಷರ ಚೀಟಿ ಬಂತು, ಸಮಯ ಆಯಿತಂತೆ. ಜರ್ಸಿ ಒಗೆದ ಅವ್ವಂದಿರ ಬಗ್ಗೆ, ನಮ್ಮ ಹೆಣ್ಣುಮಕ್ಕಳ ತಂಡದ ಬಗ್ಗೆ ಹೇಳಬೇಕಿತ್ತು. ಅದಕ್ಕೆ ಇನ್ನೊಂದು ಸಂಜೆ ಕೊಡಲೇಬೇಕು.

ಆ ನೋಟ್‌ಬುಕ್ಕು ಬಾಗಿಲ ಹತ್ತಿರ ಇಟ್ಟಿದ್ದೇನೆ, ಕೊನೆಯ ಪುಟಗಳು ಖಾಲಿ ಇವೆ, ಪೆನ್ನೂ ಇದೆ. ನಾವೆಲ್ಲ ಅವರನ್ನು ಕಾಕಾ ಅಂತಲೇ ಕರೆದೆವು. ಅವರ ನಿಜವಾದ ಹೆಸರು ಗೊತ್ತಿದ್ದವರು ಚಹಾ ಕುಡಿಯುವ ಮೊದಲು ಬರೆದು ಹೋಗಿ.