ಕ್ರಿಸ್ಟಲ್ ಪ್ಯಾಲೆಸ್ ಹೈ ಲೆವೆಲ್: ಒಂದೇ ಗಿರಾಕಿಯನ್ನು ನಂಬಿದ ನಿಲ್ದಾಣ

ಕೇಳುಗರೇ, ನಮಸ್ಕಾರ.

1851ರ ಮಹಾಪ್ರದರ್ಶನಕ್ಕೆಂದು ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಕಟ್ಟಿದ್ದ ಗಾಜಿನ ಅರಮನೆಯನ್ನು ಬಿಚ್ಚಿ ತಂದು, ಇನ್ನಷ್ಟು ದೊಡ್ಡದಾಗಿ ಕಟ್ಟಿ, 1854ರಲ್ಲಿ ನಗರದ ದಕ್ಷಿಣಕ್ಕಿರುವ ಸಿಡನ್‌ಹ್ಯಾಮ್ ಗುಡ್ಡದ ಮೇಲೆ ತೆರೆದರು. ಅದೇ ವರ್ಷ ಗುಡ್ಡದ ತಗ್ಗಿನಲ್ಲಿ ಒಂದು ರೈಲು ನಿಲ್ದಾಣವೂ ಆಯಿತು. ಆದರೆ ಅಲ್ಲಿ ಇಳಿದವರು ಏರು ಹತ್ತಿ ಬರಬೇಕಿತ್ತು. ಎದುರಾಳಿ ರೈಲು ಕಂಪನಿ ಲಾಭ ಕಂಡದ್ದು ಈ ಏರಿನಲ್ಲೇ. ಲಂಡನ್ನಿನದೇ ನನ್‌ಹೆಡ್‌ನಿಂದ ಕವಲು ದಾರಿ ಹಾಕಿ, ಎರಡು ಸುರಂಗ ಕೊರೆದು, 1865ರ ಆಗಸ್ಟ್ 1ರಂದು ಅರಮನೆಯ ಮಗ್ಗುಲಿಗೇ ರೈಲು ತಂದರು. ಅಲ್ಲಿ ಎದ್ದದ್ದೇ ಕ್ರಿಸ್ಟಲ್ ಪ್ಯಾಲೆಸ್ ಹೈ ಲೆವೆಲ್ ನಿಲ್ದಾಣ. ಅದರ ವಾಸ್ತುಶಿಲ್ಪಿ ಎಡ್ವರ್ಡ್ ಮಿಡಲ್ಟನ್ ಬ್ಯಾರಿ.

ನಿಲ್ದಾಣಕ್ಕೂ ಅರಮನೆಗೂ ನಡುವೆ ಒಂದು ರಸ್ತೆ. ಮೊದಲ ದರ್ಜೆಯವರು ಅದನ್ನು ದಾಟದೆ ಒಳಹೋಗಲೆಂದು ರಸ್ತೆಯಡಿಯಲ್ಲೇ ಹಾದಿ ಮಾಡಿದರು. ಕೆಂಪು ಮತ್ತು ಕೆನೆ ಬಣ್ಣದ ಇಟ್ಟಿಗೆಯ ಎಂಟುಮೂಲೆ ಕಂಬಗಳು ಮೇಲಕ್ಕೆ ಹೋದಂತೆ ಕೊಡೆಯಂತೆ ಬಿಚ್ಚಿಕೊಂಡು ಕಮಾನು ಚಾವಣಿಯಾಗುತ್ತವೆ. ರಸ್ತೆಯ ಭಾರವೆಲ್ಲ ಆ ಕಮಾನುಗಳ ಮೂಲಕ ಕಂಬಗಳಿಗೆ ಇಳಿಯುತ್ತದೆ. ಇಟಲಿಯ ಚರ್ಚ್ ಕಟ್ಟುವ ಗಾರೆಯವರನ್ನು ಕರೆಸಿದ್ದರೆಂಬ ಕಥೆ ಜನಜನಿತ, ಆದರೆ ಅದಕ್ಕೆ ಆಧಾರವಿಲ್ಲ. ಕೆಲಸವಂತೂ ಬೆರಗು ಹುಟ್ಟಿಸುವಂಥದ್ದು.

ನಿಲ್ದಾಣದ ದೌರ್ಬಲ್ಯ ಅದು ನಿಂತ ಜಾಗದಲ್ಲೇ ಇತ್ತು. ಹಳಿ ಅಲ್ಲಿಗೇ ಮುಗಿಯುತ್ತಿತ್ತು, ಮುಂದಿನ ಊರುಗಳ ಪ್ರಯಾಣಿಕರು ಸಿಗುವಂತಿರಲಿಲ್ಲ. ಅರಮನೆಗೆ ಜನ ಬಂದರೆ ಮಾತ್ರ ಆದಾಯ. 1925ರಲ್ಲಿ ಮಾರ್ಗಕ್ಕೆ ವಿದ್ಯುತ್ ಬಂತು. 1936ರ ನವೆಂಬರ್ 30ರ ರಾತ್ರಿ ಅರಮನೆ ಬೆಂಕಿಗೆ ಆಹುತಿಯಾಯಿತು. ಯುದ್ಧಕಾಲದಲ್ಲಿ ರಸ್ತೆಯಡಿಯ ಆ ಸುರಂಗಹಾದಿ ಬಾಂಬ್ ದಾಳಿಯಿಂದ ಜನರನ್ನು ಕಾಯುವ ಆಶ್ರಯವಾಯಿತು. 1944ರಲ್ಲಿ ರೈಲು ನಿಂತಿತು, 1946ರಲ್ಲಿ ಮತ್ತೆ ಓಡಿತು, 1954ರ ಸೆಪ್ಟೆಂಬರಿನಲ್ಲಿ ಕಾಯಂ ಆಗಿ ನಿಂತಿತು. 1961ರಲ್ಲಿ ಕಟ್ಟಡವನ್ನೇ ಕೆಡವಿದರು. ತಗ್ಗಿನ ನಿಲ್ದಾಣ ಮಾತ್ರ ಮುಂದಕ್ಕೂ ಹೋಗುವ ಮಾರ್ಗದ ಮೇಲಿದ್ದುದರಿಂದ ಇವತ್ತಿಗೂ ನಡೆಯುತ್ತಿದೆ.

ಉಳಿದ ಸುರಂಗಹಾದಿಗೆ 1972ರಲ್ಲಿ ಸಂರಕ್ಷಿತ ಕಟ್ಟಡದ ಸ್ಥಾನ ಸಿಕ್ಕಿತು, 2018ರಲ್ಲಿ ಅದರ ದರ್ಜೆಯೂ ಏರಿತು. ಇಂಥ ಕಟ್ಟಡಕ್ಕೆ ದೊಡ್ಡ ಶತ್ರು ನೀರು. ಮೇಲಿನಿಂದ ಒಸರಿದ ನೀರು ಇಟ್ಟಿಗೆಯೊಳಗೆ ನಿಂತರೆ ಚಳಿಗೆ ಹೆಪ್ಪುಗಟ್ಟಿ ಹಿಗ್ಗುತ್ತದೆ, ಇಟ್ಟಿಗೆಯ ಮುಖ ಪದರಪದರವಾಗಿ ಉದುರುತ್ತದೆ. ಸಂದುಗಳಿಗೆ ಸಿಮೆಂಟ್ ಮೆತ್ತಿದರೆ ತೇವ ಹೊರಹೋಗದೆ ಹಾನಿ ಹೆಚ್ಚುತ್ತದೆ. ಹಳೆಯ ಇಟ್ಟಿಗೆಗೆ ಸುಣ್ಣದ ಗಾರೆಯೇ ಸರಿ. ದುರಸ್ತಿ ಮುಗಿದು 2024ರಲ್ಲಿ ಹಾದಿ ಮತ್ತೆ ತೆರೆಯಿತು.

ನೋಡಹೋಗುವವರು ತೆರೆದಿರುವ ದಿನವನ್ನು ಮೊದಲೇ ವಿಚಾರಿಸಿಕೊಳ್ಳಿ. ಹಳಿಯಿದ್ದ ಜಾಗದ ಒಂದು ಭಾಗ ಈಗ ಸಿಡನ್‌ಹ್ಯಾಮ್ ಹಿಲ್ ಕಾಡಿನೊಳಗಿನ ಕಾಲುದಾರಿ. ಅಲ್ಲಿಂದ ಕಾಕ್ಸ್ ವಾಕ್ ಎಂಬ ಕಾಲುದಾರಿಯ ಸೇತುವೆಗೆ ಬನ್ನಿ. ಇದೇ ಮಾರ್ಗದ ಲಾರ್ಡ್‌ಶಿಪ್ ಲೇನ್ ನಿಲ್ದಾಣವನ್ನು ಫ್ರೆಂಚ್ ಚಿತ್ರಕಾರ ಕಮಿಲ್ ಪಿಸಾರೊ 1871ರಲ್ಲಿ ಚಿತ್ರಿಸಿದ್ದು ಇಲ್ಲಿನ ನೋಟದಿಂದಲೇ. ಬಹುಕಾಲ ಆ ಚಿತ್ರವನ್ನು ಪೆಂಜ್ ನಿಲ್ದಾಣವೆಂದೇ ತಿಳಿದಿದ್ದರು. ಅದೀಗ ಲಂಡನ್ನಿನ ಕೋರ್ಟಾಲ್ಡ್ ಸಂಗ್ರಹದಲ್ಲಿದೆ.