ಮೂವತ್ತೊಂಬತ್ತು ಪೆಟ್ಟು, ಮುಗಿಯದ ನರಕ

ನಮಸ್ಕಾರ. ನರಕದ ಮಾತು ಕೇಳೋಕೆ ಇಷ್ಟು ಜನ ಬಂದಿದ್ದೀರಿ, ಸಂತೋಷ. ಒಂದು ಲೆಕ್ಕದಿಂದ ಶುರು ಮಾಡುತ್ತೇನೆ.

ಬೈಬಲ್ಲಿನ ಹಳೆ ಒಡಂಬಡಿಕೆಯ ಧರ್ಮೋಪದೇಶಕಾಂಡ, 25ನೇ ಅಧ್ಯಾಯ. ತಪ್ಪು ಮಾಡಿದವನನ್ನು ನ್ಯಾಯಾಧಿಪತಿ ತನ್ನ ಎದುರೇ ಮಲಗಿಸಿ, ತಪ್ಪಿಗೆ ತಕ್ಕಷ್ಟು ಹೊಡೆಸಬೇಕು. ಆದರೆ ನಲವತ್ತು ದಾಟಬಾರದು. ದಾಟಿದರೆ ನಿನ್ನ ಸಹೋದರ ನಿನ್ನ ಕಣ್ಣಿಗೇ ಕೀಳಾಗಿಬಿಡುತ್ತಾನೆ ಅಂತ ಕಾರಣವನ್ನೂ ಹೇಳಿದೆ. ಎಣಿಕೆ ತಪ್ಪೀತು ಅಂತ ಯೆಹೂದ್ಯರು 39ಕ್ಕೇ ನಿಲ್ಲಿಸುತ್ತಿದ್ದರು ಎನ್ನುವುದುಂಟು. ಸಂತ ಪೌಲರು ಈ 'ಒಂದು ಕಡಿಮೆ ನಲವತ್ತು' ಪೆಟ್ಟನ್ನು ಐದು ಸಲ ತಿಂದವರು. ಕೊರಿಂಥ ಊರಿನ ಕ್ರೈಸ್ತರಿಗೆ ಪತ್ರದಲ್ಲಿ ಅವರೇ ಬರೆದಿದ್ದಾರೆ.

ಹೊಡೆಯುವವನ ಪಕ್ಕ ಎಣಿಸುವವನೂ ಬೇಕಾಯಿತು, ಅಲ್ವಾ? ಅದೇ ದೇವರ ಕೊನೆಯಿಲ್ಲದ ನರಕದಲ್ಲಿ ಆ ಎಣಿಸುವವನು ಎಲ್ಲಿ ಹೋದ?

ಇಂಥ ಪ್ರಶ್ನೆ ಅಧಿಕಪ್ರಸಂಗ ಅಂತ ಕೆಲವರಿಗೆ ಅನ್ನಿಸಬಹುದು. ಪಾಪ ತುಂಬಿದ ಸೊದೋಮ್ ಪಟ್ಟಣವನ್ನು ನಾಶಮಾಡಲು ದೇವರು ಹೊರಟಾಗ ಯೆಹೂದ್ಯರ ಮೂಲಪುರುಷ ಅಬ್ರಹಾಮನೂ ಹೀಗೇ ಕೇಳಿದ. ಲೋಕಕ್ಕೆಲ್ಲ ನ್ಯಾಯ ಹೇಳುವವನೇ ನ್ಯಾಯ ಮಾಡಬೇಡವೇ ಅಂತ. ದೇವರು ಸಿಟ್ಟಾಗಲಿಲ್ಲ. ಇಷ್ಟು ಜನ ಒಳ್ಳೆಯವರಿದ್ದರೆ ಊರು ಉಳಿಸುತ್ತೀಯಾ ಅಂತ ಐವತ್ತು ಜನರಿಂದ ಹತ್ತಕ್ಕೆ ಇಳಿಯುವವರೆಗೂ ಅವನ ಚೌಕಾಸಿ ಕೇಳುತ್ತಾ ನಿಂತ.

ಕನ್ನಡದವರಿಗೆ ಇಲ್ಲಿ ಒಂದು ತೊಡಕು ಜಾಸ್ತಿ. ನಮ್ಮ ಕಿವಿಗೆ ನರಕ ಅಂದರೆ ಅನುಭವಿಸಿ ವಾಪಸ್ ಬರುವ ಜಾಗ. ಜೈನರ ಏಳು ನರಕಗಳಲ್ಲಿ ಆಯಸ್ಸನ್ನು ಸಾಗರೋಪಮ ಎಂಬ ಕಾಲಮಾನದಲ್ಲಿ ಅಳೆಯುತ್ತಾರೆ, ಊಹೆಗೂ ಸಿಗದಷ್ಟು ಉದ್ದ. ಆದರೂ ಮುಗಿಯುತ್ತದೆ. ಉಡುಪಿಯ ಮಧ್ವರು ಮಾತ್ರ ಅಂಧತಮಸ್ಸು ಎಂಬ ಮುಗಿಯದ ಕತ್ತಲ ನರಕದ ಮಾತಾಡಿದರು. ಆದರೆ ಅವರ ಪ್ರಕಾರ ಅಲ್ಲಿಗೆ ಹೋಗುವ ಜೀವದ ಸ್ವಭಾವವೇ ಅನಾದಿಯಿಂದ ಕೆಟ್ಟದ್ದು. ಕ್ರೈಸ್ತರಲ್ಲಿ ದೇವರೇ ಪ್ರೀತಿಯಿಂದ ಸೃಷ್ಟಿಸಿದ ಮನುಷ್ಯ, ಎಪ್ಪತ್ತೋ ಎಂಬತ್ತೋ ವರ್ಷದ ಬಾಳು, ಆಮೇಲೆ ಕೊನೆಯಿಲ್ಲದ ಶಿಕ್ಷೆ.

ಕನ್ನಡ ಬೈಬಲ್ಲಿನ 'ನರಕ'ದ ಹಿಂದೆ ಇರುವ ಮೂಲ ಪದ ಗೆಹೆನ್ನ. ಅದು ಯೆರೂಸಲೇಮಿನ ದಕ್ಷಿಣಕ್ಕಿರುವ ಹಿನ್ನೋಮ್ ಕಣಿವೆ. ಅಲ್ಲಿ ಜನ ತಮ್ಮ ಮಕ್ಕಳನ್ನೇ ಬೆಂಕಿಗೆ ಕೊಟ್ಟಿದ್ದರು. ಪ್ರವಾದಿ ಯೆರೆಮೀಯನ ಬಾಯಲ್ಲಿ ದೇವರು, ಇದು ನನ್ನ ಮನಸ್ಸಿಗೂ ಬಂದಿರಲಿಲ್ಲ ಅನ್ನುತ್ತಾನೆ. ಆ ಸಾಲು ಬಂದಾಗಲೆಲ್ಲ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಡುತ್ತೇನೆ.

ಇದಕ್ಕೆಲ್ಲ ಹಳೇ ಕಾಲದ ಕ್ರೈಸ್ತ ಚಿಂತಕ ಸಂತ ಅಗಸ್ಟೀನರ ಉತ್ತರ ಖಡಕ್. ಕೊಲೆಗೆ ಒಂದು ಗಳಿಗೆ ಸಾಕು. ಶಿಕ್ಷೆಯೂ ಒಂದೇ ಗಳಿಗೆ ಇರಲಿ ಅಂತ ಯಾವ ಕಾನೂನು ಹೇಳುತ್ತದೆ? ಆಮೇಲೆ ಮತ್ತಾಯನ ಸುವಾರ್ತೆ 25:46. 'ನಿತ್ಯದಂಡನೆ', 'ನಿತ್ಯಜೀವ' ಎರಡೂ ಒಂದೇ ಸಾಲಿನಲ್ಲಿವೆ. ಗ್ರೀಕಿನಲ್ಲೂ ಎರಡಕ್ಕೂ ಒಂದೇ ಪದ, ಅಯೋನಿಯೋಸ್. ಒಂದು ಮುಗಿಯುವುದಾದರೆ ಇನ್ನೊಂದೂ ಮುಗಿಯಬೇಕಲ್ವಾ? ಆ ಪದಕ್ಕೆ 'ಬರುವ ಯುಗದ' ಎಂಬ ಅರ್ಥ ಹಿಡಿಯುವವರೂ ಇದ್ದಾರೆ. ಆದರೂ ಈ ಸಾಲನ್ನು ಸುಮ್ನೆ ಪಕ್ಕಕ್ಕೆ ಸರಿಸಲು ಆಗುವುದಿಲ್ಲ, ಒಪ್ಪುತ್ತೇನೆ.

ಮಧ್ಯಯುಗದ ವಾದ ಬೇರೆ. ತಪ್ಪಿನ ತೂಕ, ಅದು ಯಾರ ವಿರುದ್ಧ ಎಂಬುದರ ಮೇಲೆ ನಿಂತಿದೆ. ದೇವರು ಅನಂತ, ಹಾಗಾಗಿ ಪಾಪವೂ ಅನಂತ, ಶಿಕ್ಷೆಯೂ ಅನಂತ. 13ನೇ ಶತಮಾನದಲ್ಲಿ ಕ್ರೈಸ್ತ ತತ್ವಜ್ಞಾನಿ ಅಕ್ವಿನಾಸರು ಹೇಳಿದ್ದು ಇದನ್ನೇ. ನನಗೆ ಇದು ಹಿಡಿಸುವುದಿಲ್ಲ. ಗೌಡರ ಕೆನ್ನೆಗೆ ಹೊಡೆದರೆ ಒಂದು ದಂಡ, ಆಳಿನ ಕೆನ್ನೆಗೆ ಹೊಡೆದರೆ ಇನ್ನೊಂದು ಅನ್ನುವ ಹಳೇ ಊರಿನ ನ್ಯಾಯದ ವಾಸನೆ ಇದರಲ್ಲಿದೆ. ಲೂಕನ ಸುವಾರ್ತೆಯ 12ನೇ ಅಧ್ಯಾಯದಲ್ಲಿ ಯೇಸುಸ್ವಾಮಿ, ತಿಳಿದೂ ತಪ್ಪು ಮಾಡಿದ ಆಳಿಗೆ ಬಹಳ ಪೆಟ್ಟು, ತಿಳಿಯದೆ ಮಾಡಿದವನಿಗೆ ಕಡಿಮೆ ಪೆಟ್ಟು ಅನ್ನುತ್ತಾರೆ. ಕಡಿಮೆ ಅಂದ ಮೇಲೆ ಎಣಿಸುವವನು ಮತ್ತೆ ಬಂದ ಹಾಗಾಯಿತು.

ಇತ್ತೀಚೆಗೆ ಜಾಸ್ತಿ ಕೇಳುವುದು ಮೂರನೆಯ ಮಾತು: ದೇವರು ಯಾರನ್ನೂ ತಳ್ಳುವುದಿಲ್ಲ, ಮನುಷ್ಯನೇ ಒಳಗಿಂದ ಚಿಲಕ ಹಾಕಿಕೊಳ್ಳುತ್ತಾನೆ. 1999ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಕೂಡ ಇದರ ಹತ್ತಿರಕ್ಕೆ ಬಂದರು. ನರಕ ಒಂದು ಜಾಗ ಅನ್ನುವುದಕ್ಕಿಂತ, ತಾನಾಗಿ ದೇವರಿಂದ ದೂರವಾದವನ ಸ್ಥಿತಿ ಅಂದರು. ವಾದಗಳಲ್ಲಿ ಇದೇ ಗಟ್ಟಿ.

ಆದರೆ ಚಿಲಕ ಅಂದ ಕೂಡಲೇ ನನಗೆ ನಮ್ಮನೆ ಬಚ್ಚಲು ನೆನಪಾಗುತ್ತದೆ. ತಂಗಿಯ ಮಗ, ಮೂರು ವರ್ಷ, ಒಳಗಿಂದ ಚಿಲಕ ಹಾಕಿಕೊಂಡ. ತೆಗೆಯಲು ಬರಲಿಲ್ಲ, ಅಳು ಬೇರೆ. ನೀನೇ ತಾನೇ ಹಾಕಿಕೊಂಡಿದ್ದು ಅಂತ ಯಾರೂ ಕಾಫಿ ಕುಡಿಯುತ್ತಾ ಕೂರಲಿಲ್ಲ. ಬಡಗಿ ಬಂದು ಬಾಗಿಲನ್ನೇ ಕಿತ್ತ. ದೊಡ್ಡವರ ಚಿಲಕ ಬೇರೆ ಅನ್ನುತ್ತೀರಾ? ಇರಬಹುದು. ದೊಡ್ಡವರಿಗೆ ಎಷ್ಟು ತಿಳಿದಿರುತ್ತದೆ ಎಂಬುದರಲ್ಲೇ ನನಗೆ ಅನುಮಾನ.

ಇಸ್ತಾಂಬುಲಿನಲ್ಲಿ ಹಿಂದೆ ಖೋರಾ ಚರ್ಚಾಗಿದ್ದ ಕಟ್ಟಡದಲ್ಲಿ, ಸತ್ತವರನ್ನು ಹೂಳುತ್ತಿದ್ದ ಪಕ್ಕದ ಪ್ರಾರ್ಥನಾ ಕೋಣೆಯಲ್ಲಿ, 14ನೇ ಶತಮಾನದ ಒಂದು ಗೋಡೆ ಚಿತ್ರವಿದೆ. ಕ್ರಿಸ್ತ ಪಾತಾಳದ ಮುರಿದ ಬಾಗಿಲುಗಳ ಮೇಲೆ ನಿಂತಿದ್ದಾನೆ. ಕೆಳಗೆ ಬೀಗ, ಚಿಲಕ ಎಲ್ಲ ಚೆಲ್ಲಾಪಿಲ್ಲಿ. ಒಂದು ಕೈಯಲ್ಲಿ ಆದಾಮನ, ಇನ್ನೊಂದರಲ್ಲಿ ಹವ್ವಳ ಮಣಿಕಟ್ಟು ಹಿಡಿದು ಗೋರಿಯಿಂದ ಎಳೆಯುತ್ತಿದ್ದಾನೆ. ಅದೇ ಕೋಣೆಯಲ್ಲಿ ತಲೆ ಎತ್ತಿ ನೋಡಿದರೆ ಕೊನೆಯ ತೀರ್ಪಿನ ಚಿತ್ರ, ಅದರಲ್ಲಿ ಬೆಂಕಿ.

ಈಗ ನಿಮ್ಮ ಪ್ರಶ್ನೆಗಳು. ಹಿಂದಿನ ಸಾಲಿನಲ್ಲಿ ಆಗಲೇ ಕೈ ಎತ್ತಿದ್ದೀರಲ್ಲ, ನೀವು ಮೊದಲು.